ಅಟ್ಟದಲ್ಲಿ ಮರಿ ಹಾಕಿರುವ ಕಾಡುಬೆಕ್ಕು: ಹಿಡಿಸಿ ಸಾಗಿಸುವುದೋ, ಇರಲು ಬಿಡುವುದೋ?

ಪ್ರಶ್ನೆ
ಬರೆದವರು: ಜೋಗಿಮಟ್ಟಿ ರಸ್ತೆಯ ನಿವಾಸಿ, ಚಿತ್ರದುರ್ಗ

ನಮ್ಮ ಮನೆ ಚಿತ್ರದುರ್ಗದಲ್ಲಿ ಜೋಗಿಮಟ್ಟಿಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿದೆ. ಮುಂಭಾಗಕ್ಕೆ ತಾರಸಿ ಹಾಕಿಸಿದ್ದರೂ ಹಿಂದಿನ ಅಡುಗೆಮನೆ ಮತ್ತು ಉಗ್ರಾಣ ಈಗಲೂ ಮಂಗಳೂರು ಹೆಂಚಿನವು. ಹೆಂಚಿಗೂ ಹಲಗೆಯ ಅಟ್ಟಕ್ಕೂ ನಡುವೆ ಒಬ್ಬರು ಬಗ್ಗಿ ಕೂರುವಷ್ಟು ಜಾಗವಿದೆ. ಹಿತ್ತಿಲಲ್ಲಿ ಸಪೋಟ, ಸೀಬೆ ಮತ್ತು ಪರಂಗಿ ಇವೆ. ಕಾಂಪೌಂಡಿನ ಆಚೆಗಿನ ಖಾಲಿ ನಿವೇಶನದಲ್ಲಿ ಜಾಲಿ ಮತ್ತು ಈಚಲು ಬೆಳೆದು ಪೊದೆ ಕಟ್ಟಿಕೊಂಡಿವೆ.

ಕೆಲವು ವಾರಗಳಿಂದ ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಅಟ್ಟದ ಹಲಗೆಯ ಮೇಲೆ ಏನೋ ನಡೆದಾಡುವ ಸದ್ದು ಕೇಳಿಬರುತ್ತಿದೆ. ಇಲಿಯ ಓಡಾಟದ ಸದ್ದಿಗಿಂತ ಅದು ಭಾರವಾಗಿಯೂ ನಿಧಾನವಾಗಿಯೂ ಇರುತ್ತದೆ. ಒಂದು ಸಂಜೆ ನನ್ನ ಯಜಮಾನರು ಟಾರ್ಚು ಹಿಡಿದು ನೋಡಿದಾಗ ಆ ಪ್ರಾಣಿ ಸೂರಿನ ಮೂಲೆಯಿಂದ ಹೊರಬಂದು, ಕಾಂಪೌಂಡಿನ ಗೋಡೆಯ ಮೇಲೆ ಸ್ವಲ್ಪ ದೂರ ನಡೆದು, ಸಪೋಟ ಮರ ಹತ್ತಿತು. ಬೂದು ಬಣ್ಣದ ಒರಟು ಕೂದಲು, ಬೆನ್ನ ಮೇಲೆ ಸಾಲುಸಾಲಾಗಿ ಕಪ್ಪು ಚುಕ್ಕೆಗಳು, ಕಣ್ಣಿನ ಸುತ್ತ ಮಸಿ ಬಳಿದಂತಿರುವ ಮುಖ, ಮೈಯಷ್ಟೇ ಉದ್ದನೆಯ ಕಪ್ಪು ಬಾಲ. ಮಹಡಿಯ ಪ್ಯಾರಾಪೆಟ್ ಗೋಡೆಯ ಮೇಲೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಬೀಳುತ್ತಿದ್ದು, ಅದರ ತುಂಬ ಹೊಳೆಯುವ ಸಪೋಟ ಬೀಜಗಳೂ ಈಚಲು ಬೀಜಗಳೂ ಇರುತ್ತವೆ. ಈಚೆಗೆ ಹಗಲಿನಲ್ಲಿಯೂ ಅಟ್ಟದಿಂದ ಸಣ್ಣಗೆ ಮಿಯಾವ್ ಎನ್ನುವಂಥ ದನಿ ಬರುತ್ತಿರುವುದರಿಂದ ಅದು ಮರಿ ಹಾಕಿದೆ ಎಂದೇ ನಾವು ತಿಳಿದಿದ್ದೇವೆ.

ಮನೆಯಲ್ಲಿ ಚಿಕ್ಕ ಮಗುವಿದೆ, ಒಂದು ಸಾಕುನಾಯಿ ಇದೆ, ಹಿತ್ತಿಲಲ್ಲಿ ಅತ್ತೆಯವರು ಸಾಕಿರುವ ನಾಲ್ಕಾರು ಕೋಳಿಗಳಿವೆ. ನೆರೆಹೊರೆಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಬೋನಿಟ್ಟು ಹಿಡಿದು ಜೋಗಿಮಟ್ಟಿ ಕಾಡಿಗೆ ಬಿಟ್ಟುಬಿಡಿ ಎನ್ನುವವರಿದ್ದಾರೆ, ಬಾಳೆಹಣ್ಣಿನಲ್ಲಿ ಇಲಿ ಪಾಷಾಣ ಇಡಿ ಎನ್ನುವವರೂ ಇದ್ದಾರೆ. ವಿಷದ ಮಾತು ನಮಗೆ ಒಪ್ಪಿಗೆಯಿಲ್ಲ. ಆದರೆ ಈ ಪ್ರಾಣಿಯಿಂದ ಮಗುವಿಗೆ ಅಪಾಯವಿದೆಯೇ, ಹುಚ್ಚುನಾಯಿ ರೋಗವನ್ನು ಇದು ತರಬಲ್ಲದೇ, ನೋಯಿಸದೆ ಹೊರಗೆ ಕಳುಹಿಸುವ ದಾರಿ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ
ಬರೆದವರು: ಅಡಿಕೆ ತೋಟದವರು, ಹೊಳಲ್ಕೆರೆ ತಾಲ್ಲೂಕು

ನೀವು ಕೊಟ್ಟಿರುವ ವಿವರಣೆಯಿಂದ ಗುರುತು ಹಿಡಿಯುವುದು ಕಷ್ಟವಲ್ಲ. ಬಾಲದಲ್ಲಿ ಪಟ್ಟೆಗಳಿಲ್ಲದೆ ಒಂದೇ ಕಪ್ಪು ಬಣ್ಣವಿರುವುದು, ಮರ ಹತ್ತುವುದು, ಸೂರಿನಡಿ ಸೇರಿಕೊಳ್ಳುವುದು, ಇವೆಲ್ಲ ನೀವು ಕಾಡುಬೆಕ್ಕು ಎಂದಿರುವ ಕಬ್ಬೆಕ್ಕಿನ (ಇಂಗ್ಲಿಷಿನಲ್ಲಿ ಪಾಮ್ ಸಿವೆಟ್) ಲಕ್ಷಣಗಳು. ಪೊದೆಗಳಲ್ಲಿ ನೆಲದ ಮೇಲೆಯೇ ಹೆಚ್ಚಾಗಿ ಓಡಾಡುವ, ಬಾಲದಲ್ಲಿ ಬಳೆ ತೊಡಿಸಿದಂತೆ ಪಟ್ಟೆಗಳಿರುವ ಪುನುಗು ಬೆಕ್ಕು ಬೇರೆಯದು. ಅದು ಅಟ್ಟಕ್ಕೆ ಬರುವುದು ಅಪರೂಪ. ಹೆಸರಿನಲ್ಲಿ ಬೆಕ್ಕು ಎಂದಿದ್ದರೂ ಎರಡೂ ಬೆಕ್ಕಿನ ಜಾತಿಗೆ ಸೇರಿದವಲ್ಲ.

ಕಬ್ಬೆಕ್ಕು ಒಂಟಿ ಜೀವಿ, ಸಂಪೂರ್ಣ ನಿಶಾಚರಿ. ಕತ್ತಲಾದ ಮೇಲೆ ಹೊರಟು ಬೆಳಕು ಹರಿಯುವ ಮುನ್ನ ಗೂಡು ಸೇರುತ್ತದೆ, ತುಂಬು ಬೆಳದಿಂಗಳ ರಾತ್ರಿಗಳಲ್ಲಿ ಓಡಾಟವನ್ನು ಕಡಿಮೆ ಮಾಡುತ್ತದೆ. ಎರಡರಿಂದ ಐದು ಕೆ.ಜಿ. ತೂಗುವ ಈ ಪ್ರಾಣಿಯ ಮುಖ್ಯ ಆಹಾರ ಹಣ್ಣು: ಈಚಲು, ಆಲ, ಅತ್ತಿ, ಮಾವು, ಸಪೋಟ, ಪರಂಗಿ, ಬಾಳೆ. ಅದರ ಜೊತೆಗೆ ಇಲಿ, ಹಲ್ಲಿ, ಜೀರುಂಡೆ, ಮಿಡತೆಗಳನ್ನೂ ತಿನ್ನುತ್ತದೆ. ಈಚಲು ಮರಕ್ಕೆ ಕಟ್ಟಿದ ಮಡಕೆಯಿಂದ ಹೆಂಡ ಕುಡಿಯುತ್ತದೆ ಎಂದು ಹಿರಿಯರು ಹೇಳುತ್ತಿದ್ದುದು ನಿಜವಾದ ಸಂಗತಿಯೇ. ಮನುಷ್ಯನನ್ನು ಕಂಡರೆ ಅದಕ್ಕೆ ತಪ್ಪಿಸಿಕೊಳ್ಳುವುದೊಂದೇ ಯೋಚನೆ. ಮಲಗಿರುವ ಮಗುವಿನ ಮೇಲೆ ಬಂದು ಬೀಳುವ ಸ್ವಭಾವ ಅದಕ್ಕಿಲ್ಲ. ಮೂಲೆಗೆ ಒತ್ತರಿಸಿ ಕೈ ಹಾಕಿದರೆ ಮಾತ್ರ ಖಂಡಿತವಾಗಿ ಕಚ್ಚುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮರಿಗಳಿರುವಾಗ ಬೋನಿಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಮರಿಗಳನ್ನು ಸಾಕುವುದು ತಾಯಿಯೊಂದೇ, ಗಂಡು ಅವುಗಳ ತಂಟೆಗೆ ಬರುವುದಿಲ್ಲ. ತಾಯಿಯನ್ನು ಹಿಡಿದು ಸಾಗಿಸಿದರೆ ಮೇಲಿರುವ ಎರಡು ಮೂರು ಮರಿಗಳು ಹಾಲಿಲ್ಲದೆ ಹಲಗೆಯ ಸಂದಿಯಲ್ಲಿ ಸಾಯುತ್ತವೆ. ಆಮೇಲೆ ಆ ವಾಸನೆಗೂ ಹುಳಕ್ಕೂ ನೀವು ಹೆಂಚು ಬಿಚ್ಚಿಸಬೇಕಾಗುತ್ತದೆ. ಹಿಡಿದ ಪ್ರಾಣಿಯನ್ನು ಜೋಗಿಮಟ್ಟಿಯಲ್ಲಿ ಬಿಟ್ಟರೂ ಅದಕ್ಕೆ ಉಪಕಾರವಾಗುವುದಿಲ್ಲ. ಅಲ್ಲಿ ಆಗಲೇ ಬೇರೆ ಕಬ್ಬೆಕ್ಕುಗಳು ಇರುತ್ತವೆ, ಯಾವ ಮರದಲ್ಲಿ ಹಣ್ಣಿದೆ, ಯಾವ ಬಂಡೆಯ ಸಂದಿಯಲ್ಲಿ ಹಗಲು ಕಳೆಯಬಹುದು ಎಂಬುದು ಹೊಸದಾಗಿ ಬಂದದ್ದಕ್ಕೆ ತಿಳಿದಿರುವುದಿಲ್ಲ. ಇತ್ತ ನಿಮ್ಮ ಸೂರಿನ ಕಿಂಡಿ ತೆರೆದೇ ಇದ್ದು ಸಪೋಟ ಮರದಲ್ಲಿ ಹಣ್ಣಿದ್ದರೆ ಇನ್ನೊಂದು ಕಬ್ಬೆಕ್ಕು ಬಂದು ಅದೇ ಜಾಗ ಹಿಡಿಯುತ್ತದೆ. ಪ್ರಾಣಿ ಹೋಗಬೇಕೆಂದರೆ ಮೊದಲು ಕಿಂಡಿ ಹೋಗಬೇಕು. ಇದರ ಮೇಲೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಬ್ಬೆಕ್ಕು ರಕ್ಷಿತ ಪ್ರಾಣಿಯಾದ್ದರಿಂದ ಅನುಮತಿಯಿಲ್ಲದೆ ಹಿಡಿಯುವುದೂ ಕೊಲ್ಲುವುದೂ ಅಪರಾಧ.

ಮರಿಗಳು ಸುಮಾರು ಎರಡು ತಿಂಗಳಿಗೆ ಹಾಲು ಬಿಟ್ಟು ತಾಯಿಯ ಜೊತೆ ಹೊರಗೆ ಓಡಾಡತೊಡಗುತ್ತವೆ. ಅಲ್ಲಿಯವರೆಗೆ ಸಹಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಆ ಅವಧಿಯಲ್ಲಿ ಅದು ಹೋಗಿಬರುವ ಕಿಂಡಿ ಯಾವುದೆಂದು ಕಂಡುಹಿಡಿಯಿರಿ. ಸೂರಿನ ಅಂಚಿನಲ್ಲಿ ರೀಪಿನ ಮೇಲೆ ಒಲೆಯ ಬೂದಿಯನ್ನೋ ರಂಗೋಲಿ ಪುಡಿಯನ್ನೋ ತೆಳ್ಳಗೆ ಉದುರಿಸಿಟ್ಟರೆ ಬೆಳಿಗ್ಗೆ ಐದು ಬೆರಳಿನ ಪುಟ್ಟ ಹೆಜ್ಜೆಗಳು ಮೂಡಿರುತ್ತವೆ. ಕಿಂಡಿಯ ಅಂಚಿಗೆ ಅಂಟಿಕೊಂಡ ಕೂದಲು, ಗೋಡೆಯ ಸುಣ್ಣದ ಮೇಲೆ ಮೈ ಉಜ್ಜಿ ಆದ ಜಿಡ್ಡಿನ ಗೆರೆ, ಇವೂ ಗುರುತುಗಳೇ. ದನಿ ನಿಂತ ಮೇಲೆ ಆ ಕಿಂಡಿಗೆ ಹಳೆಯ ಪತ್ರಿಕೆಯ ಹಾಳೆಯನ್ನು ಉಂಡೆ ಮಾಡಿ ಸಡಿಲವಾಗಿ ತುರುಕಿಡಿ. ಮೂರು ನಾಲ್ಕು ರಾತ್ರಿ ಕಳೆದರೂ ಅದು ಕದಲದಿದ್ದರೆ ಒಳಗೆ ಯಾರೂ ಇಲ್ಲ ಎಂದರ್ಥ. ಆಗಲೂ ಮುಚ್ಚುವ ಮುನ್ನ ಹಗಲಿನಲ್ಲಿ ಒಬ್ಬರು ಮೇಲೆ ಹತ್ತಿ ಟಾರ್ಚು ಬಿಟ್ಟು ಪ್ರತಿ ಮೂಲೆಯನ್ನೂ ನೋಡಲೇಬೇಕು.

ಮುಚ್ಚುವುದಕ್ಕೆ ಗೋಣಿಚೀಲ, ಥರ್ಮಾಕೋಲ್, ಇಟ್ಟಿಗೆ ಚೂರು ಉಪಯೋಗಕ್ಕೆ ಬರುವುದಿಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ ತಂದು ಪಕಾಸಿಗೂ ಗೋಡೆಗೂ ಮೊಳೆ ಹೊಡೆಸಿ ಬಿಗಿಸಿ, ಸರಿದ ಹೆಂಚುಗಳನ್ನು ಕೂಡಿಸಿ, ಕೂಡುಹೆಂಚಿನ ಗಾರೆ ಬಿರಿದಿದ್ದರೆ ಹೊಸದಾಗಿ ಮೆತ್ತಿಸಿ. ಸೂರಿಗೆ ತಾಗುವ ಸಪೋಟ ಕೊಂಬೆಯನ್ನು ಒಂದಾಳುದ್ದ ಹಿಂದಕ್ಕೆ ಸವರಿಸಿ. ಈ ಕೆಲಸವನ್ನು ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವಾಗಲೇ ಮಾಡಿಸಿದರೆ ಬೇರೆ ಕೂಲಿಯೂ ಬೀಳುವುದಿಲ್ಲ.

ಇನ್ನೊಂದು ಮಾತು ಹೇಳದಿರಲಾರೆ. ಪ್ಯಾರಾಪೆಟ್ ಮೇಲೆ ನೀವು ಕಂಡ ಹಿಕ್ಕೆಯ ಬೀಜಗಳು ಸತ್ತ ಬೀಜಗಳಲ್ಲ. ಈ ಪ್ರಾಣಿ ಹಣ್ಣಿನ ತಿರುಳನ್ನು ಅರಗಿಸಿಕೊಂಡು ಬೀಜವನ್ನು ಇಡಿಯಾಗಿ ಹೊರಹಾಕುತ್ತದೆ, ಅದೂ ತಿಂದ ಮರದಿಂದ ಬಹುದೂರದಲ್ಲಿ. ನಮ್ಮ ತೋಟದ ಬದುಗಳಲ್ಲಿ ಯಾರೂ ನೆಡದ ಈಚಲು, ಅತ್ತಿ, ಬಗನಿಗಳು ಎದ್ದಿರುವುದರಲ್ಲಿ ಇದರ ಪಾಲೂ ಇದೆ. ನಮ್ಮ ಕಡೆಯಂಥ ಬೋಳು ಗುಡ್ಡಗಳ ಸೀಮೆಯಲ್ಲಿ ಬೀಜ ಹೊತ್ತು ಬಿತ್ತುವ ಜೀವಿಗೆ ಎರಡು ತಿಂಗಳ ಅಟ್ಟದ ಬಾಡಿಗೆಯನ್ನು ಮನ್ನಾ ಮಾಡಬಹುದೆಂಬುದು ನನ್ನ ಅಭಿಪ್ರಾಯ.

ಉತ್ತರ
ಬರೆದವರು: ಪಶುವೈದ್ಯ, ದಾವಣಗೆರೆ

ಕಾಯಿಲೆಗಳ ಬಗ್ಗೆ ಕೇಳಿರುವುದಕ್ಕೆ ನಾನು ಉತ್ತರಿಸುತ್ತೇನೆ. ರೇಬೀಸ್ ಯಾವುದೇ ಸಸ್ತನಿಗೆ ತಗಲಬಹುದಾದ ರೋಗ. ಕಬ್ಬೆಕ್ಕಿಗೂ ಮುಂಗುಸಿಗೂ ಬರಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯರಿಗೆ ತಗಲುವ ರೇಬೀಸ್ ಪ್ರಕರಣಗಳಲ್ಲಿ ನೂರಕ್ಕೆ 99ರವರೆಗೆ ನಾಯಿಯ ಮೂಲಕವೇ ಬರುತ್ತವೆ. ಹೀಗಿರುವಾಗ ಅಟ್ಟದ ಮೇಲಿನ ಪ್ರಾಣಿಗೆ ಹೆದರಿ, ಬೀದಿಯಲ್ಲಿ ಓಡಾಡಿ ಬರುವ ಸ್ವಂತ ನಾಯಿಗೆ ಲಸಿಕೆ ಹಾಕಿಸದೆ ಬಿಡುವುದು ಸರಿಯಲ್ಲ. ನಿಮ್ಮ ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಯನ್ನೂ, ಜೊತೆಗೆ ಡಿಸ್ಟೆಂಪರ್, ಪಾರ್ವೋ ಮತ್ತು ಲೆಪ್ಟೊಸ್ಪೈರೋಸಿಸ್ ಸೇರಿದ ಸಂಯುಕ್ತ ಲಸಿಕೆಯನ್ನೂ ತಪ್ಪದೆ ಹಾಕಿಸಿ. ಡಿಸ್ಟೆಂಪರ್ ವಿಚಾರದಲ್ಲಿ ನಾಯಿಯಿಂದ ಕಬ್ಬೆಕ್ಕಿಗೂ ಅಪಾಯವಿದೆ ಎಂಬುದನ್ನು ನೆನಪಿಡಬೇಕು.

ಕಚ್ಚಿದರೆ ಅಥವಾ ಪರಚಿದರೆ, ಅದು ಯಾವ ಪ್ರಾಣಿಯೇ ಆಗಿರಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಕೂಡಲೇ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಈ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಇಲ್ಲವೆಂಬುದನ್ನು ತಿಳಿದಿದ್ದೂ ಹಾಗೆ ಮಾಡುವುದನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ. ಹಗಲು ಹೊತ್ತಿನಲ್ಲಿ ಭಯವಿಲ್ಲದೆ ಅಡ್ಡಾದಿಡ್ಡಿ ತಿರುಗುವ, ತೂರಾಡುವ, ಜೊಲ್ಲು ಸುರಿಸುವ ಕಾಡುಪ್ರಾಣಿಯನ್ನು ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ.

ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ನೋಡಿ ಸಾರ್ಸ್ ರೋಗ ಇಂಥ ಪ್ರಾಣಿಯಿಂದಲೇ ಬಂತಲ್ಲವೇ ಎಂದು ಕೆಲವರು ಕೇಳುತ್ತಾರೆ. 2003ರಲ್ಲಿ ದಕ್ಷಿಣ ಚೀನಾದ ಮಾರುಕಟ್ಟೆಗಳಲ್ಲಿ ಆ ವೈರಸ್ ಕಂಡುಬಂದದ್ದು ಕಬ್ಬೆಕ್ಕಿನ ಬಳಗದ ಇನ್ನೊಂದು ಪ್ರಭೇದದಲ್ಲಿ, ಅದೂ ಮಾಂಸಕ್ಕಾಗಿ ಪಂಜರಗಳಲ್ಲಿ ಒತ್ತೊತ್ತಾಗಿ ತುಂಬಿಟ್ಟಿದ್ದವುಗಳಲ್ಲಿ. ವೈರಸ್‌ನ ಮೂಲ ಬಾವಲಿಗಳೆಂದು ನಂತರ ತಿಳಿದುಬಂತು. ಚಿತ್ರದುರ್ಗದ ಅಟ್ಟದಲ್ಲಿ ಸಪೋಟ ತಿಂದುಕೊಂಡಿರುವ ತಾಯಿಗೂ ಅದಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ.

ಹಿಕ್ಕೆಯನ್ನು ಮಾತ್ರ ಎಚ್ಚರಿಕೆಯಿಂದ ತೆಗೆಯಿರಿ. ಒಣಗಿದ್ದನ್ನು ಪೊರಕೆಯಿಂದ ಗುಡಿಸಿದರೆ ಧೂಳು ಮೂಗಿಗೆ ಹೋಗುತ್ತದೆ. ಮೊದಲು ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು ಎತ್ತಿ ಮಣ್ಣಿನಲ್ಲಿ ಹೂಳಿ. ಮಗು ಅಲ್ಲಿ ಆಡದಂತೆ ನೋಡಿಕೊಳ್ಳಿ, ಏಕೆಂದರೆ ಕಾಡುಪ್ರಾಣಿಗಳ ಹೊಟ್ಟೆಯಲ್ಲಿ ಜಂತುಹುಳುಗಳು ಇದ್ದೇ ಇರುತ್ತವೆ. ತೊಟ್ಟಿ ಅಥವಾ ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದೂ ಒಮ್ಮೆ ನೋಡಿ.

ಪಾಷಾಣದ ಸಲಹೆಯನ್ನು ನೀವು ತಳ್ಳಿಹಾಕಿದ್ದು ನನಗೆ ಸಮಾಧಾನ ತಂದಿತು. ಬಾಳೆಹಣ್ಣಿನಲ್ಲಿಟ್ಟ ವಿಷವನ್ನು ಕಬ್ಬೆಕ್ಕೇ ತಿನ್ನುತ್ತದೆಂಬ ಖಾತರಿ ಯಾರಿಗೂ ಇಲ್ಲ. ನಾಯಿ ತಿನ್ನಬಹುದು, ಕೋಳಿ ತಿನ್ನಬಹುದು, ಅಂಬೆಗಾಲಿಡುವ ಮಗುವಿನ ಕೈಗೂ ಸಿಗಬಹುದು. ಅಂಗಡಿಗಳಲ್ಲಿ ಬಿಸ್ಕತ್ತಿನ ರೂಪದಲ್ಲಿ ಸಿಗುವ ಬ್ರೊಮಾಡಿಯೊಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುವ ವಿಷ. ತಿಂದ ಇಲಿ ತಕ್ಷಣ ಸಾಯದೆ ಕೆಲವು ದಿನ ಮಂಕಾಗಿ ಓಡಾಡುತ್ತಿರುತ್ತದೆ, ಅಂಥದ್ದನ್ನೇ ಗೂಬೆ, ಬೆಕ್ಕು, ಮುಂಗುಸಿಗಳು ಸುಲಭವಾಗಿ ಹಿಡಿದು ತಿನ್ನುತ್ತವೆ. ಇಲಿಗಳನ್ನು ಹಿಡಿಯುವವರನ್ನೇ ಹೀಗೆ ಕೊಂದ ಮೇಲೆ ಇಲಿ ಹೆಚ್ಚಾಯಿತೆಂದು ಮತ್ತೆ ವಿಷ ತರುತ್ತೇವೆ.

ಕೋಳಿಗಳ ವಿಷಯ ಸರಳ. ಕಬ್ಬೆಕ್ಕು ಅವಕಾಶ ಸಿಕ್ಕರೆ ಕೋಳಿಮರಿಯನ್ನು ಒಯ್ಯುತ್ತದೆ, ಹಗಲಿನಲ್ಲಿ ಮುಂಗುಸಿಯೂ ಒಯ್ಯುತ್ತದೆ. ಸಂಜೆ ಕೋಳಿಗಳನ್ನು ಗಟ್ಟಿಯಾದ ಗೂಡಿಗೆ ಸೇರಿಸಿ ಬಾಗಿಲಿಗೆ ಚಿಲಕ ಹಾಕಿ. ಷಟ್ಕೋನದ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಕಬ್ಬೆಕ್ಕನ್ನು ಹೊರಗಿಡುವುದಿಲ್ಲ. ಗೂಡಿಗೂ ವೆಲ್ಡ್ ಮೆಶ್ ಹಾಕಿಸಿ, ಬುಡದಲ್ಲಿ ಒಂದು ಗೇಣಾದರೂ ಮಣ್ಣಿನೊಳಗೆ ಇಳಿಯುವಂತೆ ಮಾಡಿಸಿ.

ಉತ್ತರ
ಬರೆದವರು: ತೋಟಗಾರ, ಹಿರಿಯೂರು ತಾಲ್ಲೂಕು

ಮೇಲಿನವರು ಬರೆದಿರುವುದರಲ್ಲಿ ತಪ್ಪೇನೂ ಇಲ್ಲ. ಆದರೂ ಒಂದು ಮಾತನ್ನು ಸೇರಿಸಬೇಕೆನಿಸಿತು. ಹಿತ್ತಿಲಿನ ಹಣ್ಣು ಹೋದರೆ ಮನೆಯವರಿಗೆ ಬೇಸರ. ತೋಟದ ಹಣ್ಣು ಹೋದರೆ ಬ್ಯಾಂಕಿನ ಕಂತು ನಿಲ್ಲುತ್ತದೆ. ದಾಳಿಂಬೆ, ಸಪೋಟ, ಪರಂಗಿ ಬೆಳೆಯುವ ನಮ್ಮಂಥವರಿಗೆ ರಾತ್ರಿ ಕಬ್ಬೆಕ್ಕು ಮತ್ತು ಬಾವಲಿ, ಹಗಲು ಮಂಗ ಮತ್ತು ಗಿಳಿ, ಬದುವಿನಲ್ಲಿ ಹಂದಿ. ಪ್ರಾಣಿಗಳ ಜೊತೆ ಬಾಳಬೇಕು ಎನ್ನುವಾಗ ಅದರ ಖರ್ಚು ಯಾರ ತಲೆಯ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನೂ ಹೇಳಬೇಕು.

ಇಷ್ಟು ಹೇಳಿದ ಮೇಲೆ ನಾನು ಕಂಡುಕೊಂಡದ್ದನ್ನೂ ಬರೆಯುತ್ತೇನೆ. ಕಬ್ಬೆಕ್ಕು ಕಾಯಿಯನ್ನು ಮುಟ್ಟುವುದಿಲ್ಲ, ಕಳಿತದ್ದನ್ನು ಮೂಗಿನಿಂದಲೇ ಆರಿಸುತ್ತದೆ. ಆದ್ದರಿಂದ ಸಪೋಟವನ್ನು ಮರದಲ್ಲೇ ಹಣ್ಣಾಗಲು ಬಿಡದೆ, ಸಿಪ್ಪೆಯ ಮೇಲಿನ ಕಂದು ಪುಡಿ ಉದುರಿ ಉಗುರಿನಲ್ಲಿ ಗೀರಿದರೆ ಹಸಿರು ಕಾಣದ ಹದಕ್ಕೆ ಕಿತ್ತು ಹುಲ್ಲಿನಲ್ಲಿ ಹಣ್ಣು ಹಾಕಿದರೆ ನಷ್ಟ ಬಹಳ ಕಡಿಮೆಯಾಗುತ್ತದೆ. ಕೆಳಗೆ ಬಿದ್ದ ಹಣ್ಣನ್ನು ದಿನವೂ ಸಂಜೆಯೊಳಗೆ ಆರಿಸಬೇಕು. ಪರಂಗಿ ಮರದ ಕಾಂಡಕ್ಕೆ ನೆಲದಿಂದ ಎದೆಯೆತ್ತರದಲ್ಲಿ ನುಣುಪಾದ ತಗಡನ್ನು ಎರಡು ಅಡಿ ಅಗಲಕ್ಕೆ ಸುತ್ತಿದರೆ ಉಗುರು ಹತ್ತದೆ ಜಾರುತ್ತದೆ. ಅಕ್ಕಪಕ್ಕದ ಮರದಿಂದ ಹಾರಲು ದಾರಿಯಿದ್ದರೆ ಮಾತ್ರ ಈ ಉಪಾಯ ನಡೆಯದು. ಬಾಳೆಗೊನೆಗೆ ಚೀಲ ಕಟ್ಟುವುದು ಎಲ್ಲರಿಗೂ ಗೊತ್ತಿರುವುದೇ. ಇವೆಲ್ಲ ಹಿತ್ತಿಲಿಗೆ ಸುಲಭವಾಗಿ ಆಗುವ ಕೆಲಸಗಳು, ಎಕರೆಗಟ್ಟಲೆ ತೋಟಕ್ಕೆ ಕಷ್ಟ. ಪ್ರಶ್ನೆ ಕೇಳಿದವರದು ಹಿತ್ತಿಲು. ಅವರು ಮನಸ್ಸು ಮಾಡಿದರೆ ಒಂದು ಕಾಸಿನ ವಿಷವೂ ಬೇಕಾಗುವುದಿಲ್ಲ.

ಉತ್ತರ
ಬರೆದವರು: ದಾವಣಗೆರೆಯವರು, ಈಗ ಅಮೆರಿಕದ ಓಹಾಯೋದಲ್ಲಿ

ನಾನು ಬೆಳೆದದ್ದು ದಾವಣಗೆರೆಯ ಹಳೇ ಪೇಟೆಯಲ್ಲಿ. ಈಗಿರುವ ಊರಿನಲ್ಲಿ ಇದೇ ಪ್ರಶ್ನೆಯನ್ನು ಜನ ಬೇರೊಂದು ಪ್ರಾಣಿಯ ಬಗ್ಗೆ ಕೇಳುತ್ತಾರೆ. ಇಲ್ಲಿನ ಮನೆಗಳ ಹಿಂದಿನ ಮರದ ಜಗಲಿಯ ಅಡಿಯಲ್ಲಿ ಒಪೋಸಮ್ ಎಂಬ ಪ್ರಾಣಿ ಬಂದು ಸೇರಿಕೊಳ್ಳುತ್ತದೆ. ಬೆಕ್ಕಿನಷ್ಟು ಗಾತ್ರ, ಬಿಳಿಯ ಚೂಪು ಮುಖ, ಕೂದಲಿಲ್ಲದ ಉದ್ದ ಬಾಲ. ಮೊದಲ ಬಾರಿ ನೋಡಿದವರು ದೊಡ್ಡ ಹೆಗ್ಗಣವೆಂದೇ ಭಾವಿಸುತ್ತಾರೆ. ಆದರೆ ಅದು ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿ ಬೆಳೆಸುವ ಗುಂಪಿಗೆ ಸೇರಿದ್ದು. ಮೆಕ್ಸಿಕೋದ ಉತ್ತರಕ್ಕೆ ಆ ಗುಂಪಿನ ಕಾಡುಜೀವಿ ಇದೊಂದೇ. ಗರ್ಭಧಾರಣೆಯ 12-13 ದಿನಗಳಿಗೇ ಹುಟ್ಟುವ ಜೇನುನೊಣದಷ್ಟು ಪುಟ್ಟ ಮರಿಗಳು ತೆವಳಿಕೊಂಡು ಚೀಲ ಸೇರಿ, ಸುಮಾರು ಎರಡು ತಿಂಗಳು ಮೊಲೆಗೆ ಕಚ್ಚಿಕೊಂಡೇ ಇದ್ದು, ಆಮೇಲೆ ತಾಯಿಯ ಬೆನ್ನೇರಿ ತಿರುಗುತ್ತವೆ.

ಹೆದರಿಸಿದರೆ ಅದು 50 ಹಲ್ಲುಗಳಿರುವ ಬಾಯಿಯನ್ನು ಅಗಲವಾಗಿ ತೆರೆದು ಬುಸುಗುಟ್ಟುತ್ತದೆ. ಅದರಿಂದಲೂ ಆಗದಿದ್ದರೆ ನೆಲಕ್ಕೆ ಒರಗಿ, ನಾಲಿಗೆ ಹೊರಚಾಚಿ, ಕೊಳೆತ ವಾಸನೆಯ ದ್ರವ ಸೂಸಿ, ಸತ್ತಂತೆ ಬಿದ್ದುಕೊಳ್ಳುತ್ತದೆ. ಇದು ಬೇಕೆಂದು ಮಾಡುವ ನಟನೆಯಲ್ಲ, ಭಯದಿಂದ ಮೈ ತಾನಾಗಿ ಸೆಟೆದು ಬರುವ ಸ್ಥಿತಿ. ಕೆಲವೊಮ್ಮೆ ಗಂಟೆಗಟ್ಟಲೆ ಹಾಗೇ ಇರುತ್ತದೆ. ಸತ್ತಿದೆಯೆಂದು ಸಲಿಕೆಯಲ್ಲಿ ಎತ್ತಿ ಕಸದ ಡಬ್ಬಕ್ಕೆ ಹಾಕಿದ ಮೇಲೆ ಅದು ಎದ್ದು ಕೂರುವುದುಂಟು, ಆದ್ದರಿಂದ ಸುಮ್ಮನೆ ಬಿಟ್ಟುಬಿಡಿ ಎಂದು ಇಲ್ಲಿನ ವನ್ಯಜೀವಿ ಇಲಾಖೆಗಳು ಹೇಳುತ್ತವೆ. ಮೈಯ ಉಷ್ಣಾಂಶ ಇತರ ಸಸ್ತನಿಗಳಿಗಿಂತ ಕಡಿಮೆಯಿರುವುದು ಕಾರಣವಿರಬಹುದು, ಒಪೋಸಮ್‌ಗಳಲ್ಲಿ ರೇಬೀಸ್ ಬಹಳ ವಿರಳ. ರ್ಯಾಟಲ್‌ಸ್ನೇಕ್‌ನಂಥ ಗುಳಿಮಂಡಲ ಹಾವುಗಳ ವಿಷವನ್ನೂ ತಡೆದುಕೊಳ್ಳಬಲ್ಲದು. ಹಾಗೆಂದು ಅದನ್ನು ಹೊಗಳಲು ಹೋಗಿ ಇಲ್ಲದ್ದನ್ನು ಹೇಳಬಾರದು. ಒಂದು ಒಪೋಸಮ್ ಒಂದು ಋತುವಿನಲ್ಲಿ ರಕ್ತ ಹೀರುವ ಸಾವಿರಾರು ಉಣ್ಣಿಗಳನ್ನು ತಿನ್ನುತ್ತದೆಂಬ ಮಾತು ಬಹಳ ಹರಡಿತ್ತು. ಆ ಲೆಕ್ಕ ಬಂದದ್ದು ಪಂಜರದಲ್ಲಿಟ್ಟು ಮಾಡಿದ ಪ್ರಯೋಗದಿಂದ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಡಿನ ಒಪೋಸಮ್‌ಗಳ ಜಠರವನ್ನು ಪರೀಕ್ಷಿಸಿದಾಗ ಒಂದು ಉಣ್ಣಿಯೂ ಸಿಗಲಿಲ್ಲ. ಕುದುರೆಗಳ ನರಮಂಡಲಕ್ಕೆ ತಗಲುವ ಒಂದು ಗಂಭೀರ ಕಾಯಿಲೆಯ ಪರಾವಲಂಬಿ ಇದರ ಹಿಕ್ಕೆಯ ಮೂಲಕವೇ ಹರಡುತ್ತದೆಂಬುದೂ ನಿಜ, ಕುದುರೆ ಸಾಕುವವರು ಮೇವನ್ನು ಮುಚ್ಚಿಡುತ್ತಾರೆ.

ಇದನ್ನು ಬರೆಯಲು ಕಾರಣವಿದೆ. ಇಲ್ಲಿಯೂ ಬಹಳ ಕಾಲ ಬೋನಿಟ್ಟು ದೂರ ಸಾಗಿಸುವುದೇ ದಯೆಯ ದಾರಿಯೆಂದು ಜನ ನಂಬಿದ್ದರು. ಈಗ ಅನೇಕ ರಾಜ್ಯಗಳಲ್ಲಿ ಹಾಗೆ ಅನುಮತಿಯಿಲ್ಲದೆ ಸಾಗಿಸುವುದನ್ನು ಕಾನೂನೇ ನಿಷೇಧಿಸಿದೆ, ಮೇಲೆ ಹೊಳಲ್ಕೆರೆಯವರು ಹೇಳಿದ ಕಾರಣಗಳ ಜೊತೆಗೆ ಒಂದು ಕಡೆಯ ರೋಗವನ್ನು ಇನ್ನೊಂದು ಕಡೆಗೆ ಒಯ್ದಂತಾಗುತ್ತದೆ ಎಂಬ ಕಾರಣಕ್ಕೂ. ಬದಲಿಗೆ ಕಿಂಡಿಗೆ ಹೊರಮುಖವಾಗಿ ಮಾತ್ರ ತೆರೆಯುವ, ಮೇಲಿನಿಂದ ತೂಗುಬಿಟ್ಟ ಜಾಲರಿಯ ಬಾಗಿಲು ಕಟ್ಟುತ್ತಾರೆ; ಒಳಗಿದ್ದದ್ದು ತಳ್ಳಿಕೊಂಡು ಹೊರಬರುತ್ತದೆ, ಮತ್ತೆ ಒಳಹೋಗಲಾರದು. ಮರಿಗಳು ದೊಡ್ಡವಾದ ಮೇಲೆ ನಿಮ್ಮ ಸೂರಿಗೂ ಇದನ್ನು ಮಾಡಿಸಬಹುದು, ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುವಷ್ಟು ಸರಳವಾದ ವಸ್ತು. ನಾಯಿಗೆ ಇಟ್ಟ ಅನ್ನದ ತಟ್ಟೆಯನ್ನು ರಾತ್ರಿ ಹೊರಗೆ ಬಿಡದಿರುವುದು ಎರಡೂ ದೇಶಗಳಿಗೆ ಸಮಾನವಾದ ಸಲಹೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮರಿಗಳು ಹೊರಡುವವರೆಗೆ ಕಾಯುವುದೆಂದು ನಿರ್ಧರಿಸಿದ್ದೇವೆ, ನಾಯಿಯನ್ನು ಲಸಿಕೆಗೆ ಕರೆದೊಯ್ಯುತ್ತಿದ್ದೇವೆ. ಅತ್ತೆಯವರಿಗೆ ಇನ್ನೊಂದು ಅನುಮಾನ ಉಳಿದಿದೆ: ಅಟ್ಟದಲ್ಲಿ ಪ್ರಾಣಿಯಿದ್ದರೆ ಅದರ ಮರಿಗಳಿಗಾಗಿ ಹಾವು ಬರುತ್ತದೆಯೇ? ನಮ್ಮ ಬೀದಿಯ ತುದಿಯವರೆಗೆ ಕರಡಿ ಬಂದಿತ್ತೆಂಬ ಸುದ್ದಿಯೂ ಇದೆ. ಹಣ್ಣಿನ ವಾಸನೆಗೆ ಅದೂ ಹಿತ್ತಿಲಿಗೆ ಬರಬಹುದೇ?

ಉತ್ತರ
ಬರೆದವರು: ಭದ್ರಾ ನಾಲೆಯ ಬದಿಯ ನಿವಾಸಿ, ದಾವಣಗೆರೆ

ಹಾವಿನ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. ನಾಲೆ, ಗದ್ದೆ, ಮೆಕ್ಕೆಜೋಳದ ಹೊಲಗಳ ನಡುವೆ ಇರುವ ನಮ್ಮ ಬಡಾವಣೆಗೆ ಹಾವು ಬರುವುದು ಇಲಿ, ಹೆಗ್ಗಣ ಮತ್ತು ಕಪ್ಪೆಗಳ ಜಾಡು ಹಿಡಿದು. ಕಬ್ಬೆಕ್ಕಿನ ಮರಿಗಾಗಿ ಹಾವು ಹುಡುಕಿಕೊಂಡು ಬರುತ್ತದೆ ಎಂದು ಹೆದರಬೇಕಾಗಿಲ್ಲ. ತಾಯಿಯೇ ಇಲಿ ಹಿಡಿಯುವುದರಿಂದ ಹಾವಿನ ಆಹಾರ ಅಷ್ಟು ಕಡಿಮೆಯಾಗುತ್ತದೆ. ಕಾಂಪೌಂಡಿಗೆ ಒರಗಿಸಿಟ್ಟ ಸೌದೆ, ಹಳೆಯ ಹೆಂಚಿನ ರಾಶಿ, ಉಗ್ರಾಣದಲ್ಲಿ ನೆಲದ ಮೇಲೆಯೇ ಇಟ್ಟ ಜೋಳದ ಚೀಲ, ಇವು ಇಲಿಗೂ ಅದರ ಹಿಂದೆ ಹಾವಿಗೂ ಮನೆ. ಸೌದೆಯನ್ನು ಗೋಡೆಯಿಂದ ದೂರ, ಇಟ್ಟಿಗೆಗಳ ಮೇಲೆ ಎತ್ತರಿಸಿ ಇಡಿ. ಚೀಲಗಳನ್ನು ತಗಡಿನ ಡ್ರಮ್ಮಿಗೆ ಸುರಿಯಿರಿ.

ಕೇರೆ ಹಾವು ಕಂಡರೆ ದಯವಿಟ್ಟು ಹೊಡೆಯಬೇಡಿ. ಅದಕ್ಕೆ ವಿಷವಿಲ್ಲ, ಇಲಿ ಹಿಡಿಯುವುದರಲ್ಲಿ ಅದಕ್ಕೆ ಸಮನಾದದ್ದಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಇವು ನಾಲ್ಕು ನಿಜವಾಗಿ ಎಚ್ಚರವಹಿಸಬೇಕಾದವು, ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷವೂ ಈ ನಾಲ್ಕಕ್ಕೇ ತಯಾರಾದದ್ದು. ಗರಗಸಮಂಡಲ ಚಿತ್ರದುರ್ಗದಂಥ ಕಲ್ಲುಗುಡ್ಡದ ಒಣ ನೆಲದಲ್ಲಿ ಸಾಮಾನ್ಯ. ಮೊಳದುದ್ದವೂ ಇಲ್ಲದ ಅದು ಕಲ್ಲಿನಡಿ ಮಲಗಿರುವುದರಿಂದ ಕಲ್ಲೆತ್ತುವಾಗ ಬರಿಗೈ ಹಾಕಬಾರದು. ಕಟ್ಟುಹಾವು ರಾತ್ರಿ ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು, ಕಚ್ಚಿದ್ದು ನೋವಿಲ್ಲದೆ ತಿಳಿಯದೆಯೂ ಹೋಗಬಹುದು. ಮಗುವನ್ನು ಮಂಚದ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗಿಸಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ದೊಡ್ಡಾಸ್ಪತ್ರೆಗೆ ಹೋಗಬೇಕು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದರಿಂದ ಖಾಸಗಿ ಆಸ್ಪತ್ರೆಗಳೂ ಇದನ್ನು ದಾಖಲಿಸಬೇಕು.

ಉತ್ತರ
ಬರೆದವರು: ಅಡಿಕೆ ತೋಟದವರು, ಹೊಳಲ್ಕೆರೆ ತಾಲ್ಲೂಕು

ಕರಡಿಯ ವಿಷಯ ಬೇರೆ, ಅದಕ್ಕೆ ಈವರೆಗೆ ಹೇಳಿದ ಯಾವ ಸಲಹೆಯೂ ಅನ್ವಯಿಸುವುದಿಲ್ಲ. ಜೋಗಿಮಟ್ಟಿಯ ಸುತ್ತ ಕರಡಿಗಳಿವೆ, ಗೆದ್ದಲು, ಜೇನು, ಸೀತಾಫಲ, ಬಾರೆ, ಈಚಲು ಹಣ್ಣುಗಳಿಗಾಗಿ ಅವು ರಾತ್ರಿ ಗುಡ್ಡದಿಂದ ಇಳಿಯುತ್ತವೆ, ಊರಂಚಿನಲ್ಲಿ ಎಸೆದ ಎಂಜಲಿಗೂ ಬರುತ್ತವೆ. ಕರಡಿ ಕಣ್ಣಿಗಿಂತ ಮೂಗನ್ನೇ ನಂಬುವ ಪ್ರಾಣಿಯಾದ್ದರಿಂದ ಹತ್ತಿರ ಹೋಗುವವರೆಗೆ ನಮ್ಮನ್ನು ಗಮನಿಸದೆ, ಥಟ್ಟನೆ ಬೆದರಿ ಮೇಲೆರಗುತ್ತದೆ. ಬೆಳಗಿನ ಜಾವ ಆ ರಸ್ತೆಯಲ್ಲಿ ವಾಯುವಿಹಾರಕ್ಕೆ ಹೋಗುವವರು ಒಬ್ಬೊಬ್ಬರೇ ಹೋಗದೆ, ಮಾತನಾಡುತ್ತಾ, ಟಾರ್ಚು ಹಿಡಿದು ಹೋಗಬೇಕು. ಮದುವೆಮನೆಯ ಎಂಜಲೆಲೆಗಳನ್ನು ಖಾಲಿ ನಿವೇಶನದಲ್ಲಿ ಸುರಿಯುವುದನ್ನು ನಿಮ್ಮ ಬೀದಿಯವರೆಲ್ಲ ಸೇರಿ ನಿಲ್ಲಿಸಬೇಕು, ಹಿತ್ತಿಲಿನ ನಿಮ್ಮ ಸಪೋಟಕ್ಕಿಂತ ಅದರ ವಾಸನೆಯೇ ಕರಡಿಯನ್ನು ಹೆಚ್ಚು ಸೆಳೆಯುತ್ತದೆ. ಕಂಡರೆ ಬೆನ್ನಟ್ಟುವುದು, ಕಲ್ಲೆಸೆಯುವುದು, ಮೊಬೈಲು ಹಿಡಿದು ಸುತ್ತುವರಿಯುವುದು ಬೇಡ. ಒಳಗೆ ಸೇರಿ ಬಾಗಿಲು ಹಾಕಿಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕಬ್ಬೆಕ್ಕಿನ ಮರಿಯೇನಾದರೂ ಅಟ್ಟದಿಂದ ಜಾರಿ ಕೆಳಗೆ ಬಿದ್ದರೆ ಹಾಲು ಕುಡಿಸಲು ಹೋಗಬೇಡಿ. ದಪ್ಪ ಬಟ್ಟೆಯಲ್ಲಿ ಎತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸಂಜೆ ಸೂರಿನ ಹತ್ತಿರ ನಾಯಿಗೆ ಎಟುಕದ ಎತ್ತರದಲ್ಲಿ ಇಡಿ. ತಾಯಿ ಸಾಮಾನ್ಯವಾಗಿ ಬಂದು ಕಚ್ಚಿಕೊಂಡು ಹೋಗುತ್ತದೆ. ಬೆಳಗಾದರೂ ಮರಿ ಅಲ್ಲೇ ಇದ್ದರೆ ಅದೇ ಸಂಖ್ಯೆಗೆ ತಿಳಿಸಿ.